ಮಾವನವರ ಸಿಗ್ನಲ್

ಮಾವನವರು ಬದುಕೆಲ್ಲ ಟ್ರಾಫಿಕ್ ಪೊಲೀಸರಾಗಿದ್ದವರು. ನಿವೃತ್ತಿಯಾದರೂ ಕೈ ಸುಮ್ಮನಿರಬೇಕಲ್ಲ, ಮನೆಯ ವೈಫೈ ಮೇಲೆ ಬಿತ್ತು. ಯಾರ ಫೋನಿಗೆ ವೇಗ ಹೆಚ್ಚು, ಯಾರದಕ್ಕೆ ಕಮ್ಮಿ ಎಂದು ಮೊಬೈಲಿನಲ್ಲೇ ತಿದ್ದಬಹುದೆಂದು ಗೊತ್ತಾದ ದಿನದಿಂದ ಅವರಿಗೆ ಹೊಸ ಹುರುಪು.

"ಈ ಮನೆ ಇಂಟರ್ನೆಟ್ಟಿಗೆ ನಾನೇ ಸರ್ಕಾರ," ಎಂದರು. "ಕೇಳೋರಿಲ್ಲ ಅಂದ್ರೆ ಎಲ್ಲಾ ಜಾಮ್ ಆಗುತ್ತೆ."

ಸರ್ಕಾರ ಬಂತು, ಹಿಂದೆಯೇ ಲಂಚವೂ ಬಂತು. ಡಾಕ್ಟರು ಬೇಡವೆಂದಿದ್ದ ಸಕ್ಕರೆಯನ್ನು ಅತ್ತೆ ಕದ್ದು ಮಾವನವರ ಕಾಫಿಗೆ ಹಾಕಿಕೊಟ್ಟರು. ಅತ್ತೆಯ ಧಾರಾವಾಹಿ ಸಲೀಸಾಗಿ ಓಡಿತು. ಮೈದುನ ಕಾಲೊತ್ತಿದ, ಅವನ ಆಟಕ್ಕೆ ಹಸಿರು ದೀಪ. ಸೊಸೆ ಮಾತ್ರ ಏನೂ ಕೊಡಲಿಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ಹೆದ್ದಾರಿ, ಇನ್ನೊಬ್ಬರಿಗೆ ಕಾಲುದಾರಿ ಏಕೆ ಎಂಬ ಹಟ ಅವಳದು. ಹಾಗಾಗಿ ಅವಳ ಪಾಲಿಗೆ ಪರದೆಯ ಮೇಲೆ ಚಕ್ರ ತಿರುಗುವುದೇ ಆಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರಿಗೆ?

ಅದಕ್ಕೂ ಒಂದು ಕಚೇರಿ ಇತ್ತೆನ್ನಿ. ಇಂಟರ್ನೆಟ್ ಕಂಪನಿಗಳ ಮೇಲಿನ ದೂರು ಕೇಳುವ ಸರ್ಕಾರಿ ಕಚೇರಿ. ಅಲ್ಲಿನ ಕೆಲಸಕ್ಕೇ ಸೊಸೆ ಅರ್ಜಿ ಹಾಕಿದ್ದಳು. ಸಂದರ್ಶನ ಮನೆಯಿಂದಲೇ, ವಿಡಿಯೊದಲ್ಲಿ. ಬಹಳ ದಿನದಿಂದ ಕೆಲಸವಿಲ್ಲದೆ ಕುಳಿತವಳಿಗೆ ಇದೂ ಕೈತಪ್ಪಿದರೆ ಎಂಬ ಭಯ. ಇವತ್ತೊಂದು ದಿನ ವೇಗ ತಗ್ಗಿಸಬೇಡಿ ಎಂದು ಬೆಳಿಗ್ಗೆಯೇ ಮಾವನವರಿಗೆ ಹೇಳಿಟ್ಟಳು. "ನೋಡೋಣಮ್ಮ," ಎಂದರು ಅವರು, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ.

ಅಧಿಕಾರಿ ಮೇಡಂ ಕೊನೆಯ ಪ್ರಶ್ನೆ ಕೇಳಿದರು: "ಹೆಚ್ಚು ಕೊಟ್ಟೋರಿಗೆ ಬೇಗ, ಉಳಿದೋರಿಗೆ ನಿಧಾನ ಅಂತ ಒಂದು ಕಂಪನಿ ಮಾಡಿದ್ರೆ ನೀವೇನು ಹೇಳ್ತೀರಿ?"

ಸೊಸೆ ಬಾಯಿ ತೆರೆದಳು. ಪರದೆ ಅಲ್ಲೇ ನಿಂತಿತು, ಅವಳ ತೆರೆದ ಬಾಯಿಯ ಸಮೇತ. ಅಳು ಬರುವುದರಲ್ಲಿತ್ತು, ಸಿಟ್ಟು ಅದಕ್ಕಿಂತ ಮೊದಲು ಬಂತು. ಎದ್ದು ಬಾಗಿಲು ತೆರೆದಳು.

"ಮಾವ, ನಿಮ್ಮ ಕೈಗೆ ಕೊಟ್ಟಿದ್ದು ರಸ್ತೆ ನೋಡ್ಕೊಳ್ಳಿ ಅಂತ. ಯಾರು ಕಾಫಿ ಕೊಟ್ರು, ಯಾರು ಕಾಲೊತ್ತಿದ್ರು ಅಂತ ನೋಡಿ ದಾರಿ ಬಿಡೋಕಲ್ಲ. ಸರ್ಕಾರ ಅಂದ್ಮೇಲೆ ಎಲ್ಲರನ್ನೂ ಒಂದೇ ಸಮ ಬಿಡಬೇಕು, ಅಡ್ಡ ನಿಲ್ಲೋರನ್ನ ತಡೀಬೇಕು. ನೀವೇ ಅಡ್ಡ ನಿಂತ್ರೆ ಹೇಗೆ?"

ಎಂದೂ ದನಿಯೆತ್ತದ ಸೊಸೆ. ಮಾವನವರು ಬೆಪ್ಪಾದರು. ಬೆಪ್ಪಾದಾಗ ಕೈ ಹಳೆಯ ಕಸುಬಿಗೇ ಹೋಗುತ್ತದೆ. ಜೇಬಿನಿಂದ ಸೀಟಿ ತೆಗೆದು ಜೋರಾಗಿ ಊದಿ, ಅತ್ತೆಯ ಧಾರಾವಾಹಿಗೆ ಅಂಗೈ ಅಡ್ಡ ಹಿಡಿದು, ಮೈದುನನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೊಬೈಲಿನಲ್ಲಿ ಎಲ್ಲರನ್ನೂ ಒಂದೇ ಸಮ ಮಾಡಿದರು.

ಕೆಲಸ ಕೈತಪ್ಪಿತೆಂದೇ ಸೊಸೆ ಕಣ್ಣೊರೆಸಿಕೊಂಡು ಒಳಗೆ ಬಂದಳು. ಪರದೆಯಲ್ಲಿ ಮೇಡಂ ನಗುತ್ತಿದ್ದರು.

"ನಿಮ್ಮ ಮುಖ ನಿಂತುಹೋಗಿತ್ತು, ಮಾತು ಪೂರ್ತಿ ಕೇಳಿಸ್ತು. ಇಷ್ಟು ಚೆನ್ನಾಗಿ ಯಾರೂ ಉತ್ತರ ಹೇಳಿರ್ಲಿಲ್ಲ. ಅಲ್ಲ, ಸೀಟಿ ಊದಿದ್ದು ಯಾರು?"

"ಹಿಂದಿನ ಸರ್ಕಾರ, ಮೇಡಂ."

ಕೆಲಸ ಸಿಕ್ಕಿತು. ಮೊದಲ ದಿನ ಮೇಜಿನ ಮುಂದೆ ಕುಳಿತಳೋ ಇಲ್ಲವೋ, ಫೋನು ಬಡಿದುಕೊಂಡಿತು.

"ಒಂದು ದೂರಿತ್ತಮ್ಮ," ಎಂದಿತು ಪರಿಚಿತ ದನಿ. "ನಮ್ಮನೇಲಿ ಎಲ್ಲರೂ ಒಂದೇ ಸಮ ಆದ್ಮೇಲೆ ನನ್ನ ಕಾಫಿಗೆ ಯಾರೂ ಸಕ್ಕರೆ ಹಾಕ್ತಿಲ್ಲ. ಮನೆಯವನು ಅಂತ ಸ್ವಲ್ಪ ಬೇಗ ನೋಡಮ್ಮ."

"ಸರದೀಲಿ ನಿಲ್ಲಿ, ಮಾವ," ಎಂದಳು ಸೊಸೆ.