ಬಾಗಿಲು ತೆಗೆಯುವ ಬೆಲೆ

ಇಷ್ಟು ರೊಕ್ಕ ಯಾಕ ಹಿಡೀತಿದು, ಕಾವೇರಿ ಕಿಟಕಿಗೆ ಮುಖ ಮಾಡಿ ಮತ್ತೆ ಅಂದಳು, ಯಾರಿಗೂ ಅಲ್ಲ, ಹೊರಗಿನ ಬೇವಿನ ಗಿಡಕ್ಕೂ ಅಲ್ಲ, ನಿನ್ನೆಯಿಂದ ಇದೇ ಮಾತು, ಅವಳ ಪ್ರಬಂಧಕ್ಕೆ ನಾನು ಗೈಡು, ಉತ್ತರ ಹೇಳಬೇಕಾದವಳು, ಆದರೆ ಹೇಳುವುದಕ್ಕಿಂತ ಕೇಳುವುದೇ ನನಗೆ ಚೆನ್ನಾಗಿ ಬರುತ್ತದೆ, ಕಮಲಾಪುರದ ಬುದ್ಧ ವಿಹಾರದ ಕಂಬಕ್ಕೆ ಬೆನ್ನು ಹಚ್ಚಿ ಕಲಿತದ್ದು — ಗಾಥೆ ಸುರು ಮಾಡುವ ಮೊದಲು ಅಪ್ಪ ಒಂದು ಬೆರಳು ಎತ್ತುತ್ತಿದ್ದ, ತೋರುಬೆರಳು, ಉಗುರಿನ ಸಂದಿಯಲ್ಲಿ ಬಾಳೆಯ ಕಲೆ ಕಪ್ಪಗೆ, ತೊಡೆ ಮೇಲಿನ ಕೂಸುಗಳೂ ಗಪ್ಪಾಗುತ್ತಿದ್ದವು, ಬುದ್ಧಂ ಶರಣಂ ಅಂತ ಶರಣ ಹೇಳುವುದು ಮೊದಲಿಗೆ ಮಾತ್ರ, ಆಮೇಲೆ ಗಾಥೆಯ ಹಿಂದೆ ಗಾಥೆ, ಪ್ರತಿ ಗಾಥೆಗೂ ಶರಣ ಯಾಕ ಹೇಳಂಗಿಲ್ಲಪ್ಪಾ, ಕೇಳಿದ್ದೆ ನಾನು, ಒಳಗ ಬರಾಕ ಬಾಗಲ ಒಮ್ಮೆ ತಗೀತಾರವ್ವ, ಹೆಜ್ಜಿಗೊಮ್ಮೆ ತಗೀತಾರೇನು, ಅಂದಿದ್ದ, ಕಾವೇರಿಯ ಪ್ರಬಂಧದ ಆ ಯಂತ್ರದ್ದೂ ಅದೇ ಲೆಕ್ಕ ನೋಡು, ಎಲ್ಲೋ ದೂರದೇಶದ ಥಂಡಿ ಕೋಣೆಯಲ್ಲಿರುವ ಕ್ವಾಂಟಮ್ ಕಂಪ್ಯೂಟರು, ನಾವು ಕಲಬುರಗಿಯಿಂದ ಇಂಟರ್ನೆಟ್ಟಿನಲ್ಲಿ ಕೆಲಸ ಕಳಿಸುತ್ತೇವೆ, ಬಳಸಿದಷ್ಟಕ್ಕೆ ದುಡ್ಡು, ಸರದಿಯಲ್ಲಿ ಕಾಯುವುದು ಪುಕ್ಕಟೆ, ಕೆಲಸ ಒಂದು ಒಳಹೊಕ್ಕರೆ ಬಾಗಿಲಿಗೆ ಇಪ್ಪತ್ತೈದು ರೂಪಾಯಿ, ಆಮೇಲೆ ಅದೇ ಪ್ರಶ್ನೆ ಒಂದೊಂದು ಸಲ ಕೇಳುವುದಕ್ಕೆ ಒಂದೊಂದು ರೂಪಾಯಿ, ಒಮ್ಮೆ ಕೇಳಿದರೆ ಸೊನ್ನೆ ಅನ್ನುತ್ತದೆ, ಇನ್ನೊಮ್ಮೆ ಒಂದು ಅನ್ನುತ್ತದೆ, ಸಾವಿರ ಸಲ ಕೇಳಿದ ಮೇಲೆಯೇ ಅದು ಎತ್ತ ವಾಲಿದೆ ತಿಳಿಯುವುದು, ಒಂದು ಕೆಲಸ, ಸಾವಿರ ಸಲ, ಸಾವಿರದ ಇಪ್ಪತ್ತೈದು ರೂಪಾಯಿ, ಅಷ್ಟೇ, ಈ ಹುಡುಗಿ ಸಾವಿರ ಕೆಲಸ ಕಳಿಸಿದಳು, ಒಂದೊಂದರಲ್ಲಿ ಒಂದೊಂದೇ ಸಲ, ಸಾವಿರ ಬಾಗಿಲು, ಇಪ್ಪತ್ತಾರು ಸಾವಿರ ಹೋಯಿತು, ನಮ್ಮ ಆಯಿ ಭಜನ್ಯಾಗ ಪ್ರತಿ ಪದಕ್ಕೂ ಗುರುವಿನ ಹೆಸರು ತಗೊಂಡೇ ಸುರು ಮಾಡ್ತಾಳ್ರಿ ಮೇಡಂ, ಪ್ರತಿ ಸಲ ಹೊಸದಾಗಿ ಕೇಳಿದ್ರ ಉತ್ತರ ಶುದ್ಧ ಬರ್ತದ ಅನ್ಕೊಂಡೆ, ಅಂದಳು — ಬೈಯಲು ಹೋದವಳಿಗೆ ನಗು ಬಂತು, ಗುರು ರೊಕ್ಕ ಕೇಳಂಗಿಲ್ಲ ಕಾವೇರಿ, ಇದು ಕೇಳ್ತದ.

ಪ್ರಬಂಧದ ಮೊದಲ ಭಾಗಕ್ಕೆ ಉತ್ತರವೇನೋ ಬಂತು, ಎರಡನೆಯದು ಉಳಿಯಿತು, ಖಾತೆಯಲ್ಲಿ ಉಳಿದದ್ದು ಸಾವಿರದ ನೂರು, ಸಾಕು, ಒಂದು ಬಾಗಿಲು ಸಾವಿರ ಸಲ, ಮೇಲೆ ಎಪ್ಪತ್ತೈದು ಉಳಿಯುತ್ತದೆ, ಬರೆದ ಪ್ರೋಗ್ರಾಮನ್ನು ಅವಳು ನಿನ್ನೆಯಿಂದ ಇಲ್ಲೇ ನಮ್ಮ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಾಳೆ, ಶುಕ್ರವಾರ ಕಳಿಸುವುದು, ಶನಿವಾರ ಗಡುವು, ಆಗುತ್ತದೆ, ನನಗೆ ಗೊತ್ತಿದೆ ಆಗುತ್ತದೆ — ಮೆಟ್ಟಿಲ ಮೇಲೆ ಬೂಟಿನ ಸದ್ದು, ಪ್ರಿನ್ಸಿಪಾಲ್ ಕಲ್ಯಾಣಪ್ಪ ಸರ್, ಹಿಂದೆ ಶಾಲು ಹೊತ್ತ ನಾಲ್ವರು ಅತಿಥಿಗಳು, ಅತ್ತರಿನ ವಾಸನೆ, ಬರ್ರಿ ಬರ್ರಿ, ಇವ್ರೇ ನಮ್ಮ ಪಂಚಶೀಲಾ ಮೇಡಂ, ಮನಷ್ಯಾರ ಜೋಡಿ ಮಾತಾಡಂಗಿಲ್ಲ, ಕಂಪ್ಯೂಟರ್ ಜೋಡಿ ಅಷ್ಟೇ, ಎಲ್ಲರೂ ನಗುತ್ತಾರೆ, ನಾನೂ, ಮೇಡಂ, ಆ ದೊಡ್ಡ ಯಂತ್ರ ಒಮ್ಮೆ ಓಡಿಸಿ ತೋರಸ್ರಿ ಸಾಹೇಬರಿಗೆ, ಅದರ ನಕಲು ಇಲ್ಲೇ ನಮ್ಮ ಕಂಪ್ಯೂಟರಿನಾಗ ಓಡ್ತದ ಸರ್, ಪುಕ್ಕಟೆ, ಅಂದೆ, ಅಯ್ಯ, ನಕಲು ನೋಡಾಕ ಇವ್ರು ಅಷ್ಟು ದೂರದಿಂದ ಬಂದಾರೇನ್ರಿ, ನೂರೇ ನೂರು ಸಲ ಕೇಳ್ರಿ, ನೂರು ರೂಪಾಯಿ, ನನ್ನ ಕಿಸೆದಿಂದ ಕೊಡ್ತೀನಿ ತಗೋರಿ — ನೂರಲ್ಲ, ನೂರ ಇಪ್ಪತ್ತೈದು, ಬಾಗಿಲಿನದು ಮರೆತರು, ಕಿಸೆಯ ರೊಕ್ಕ ಈ ಖಾತೆಗೆ ಬೀಳುವುದಿಲ್ಲ, ಅನುದಾನದ್ದು ಮಾತ್ರ, ಹೊಸ ಅನುದಾನ ಏಪ್ರಿಲ್ಲಿಗೆ, ಆಮೇಲೆ ಉಳಿಯುವ ಒಂಬೈನೂರ ಎಪ್ಪತ್ತೈದರಲ್ಲಿ ಸಾವಿರ ಸಲ ಯಾವ ದಾರಿಯಿಂದಲೂ ಹಿಡಿಯುವುದಿಲ್ಲ, ಒತ್ರಿ ಮೇಡಂ, ಒಂದು ಬಟನ್ ಅಲ್ಲೇನ್ರಿ, ಕಾವೇರಿ ಕಿಟಕಿಯಿಂದ ತಿರುಗಿದ್ದಾಳೆ, ನನ್ನ ಕೈ ಮೌಸಿನ ಮೇಲಿದೆ, ಅಲ್ಲ, ಬೆರಳು ಎದ್ದಿದೆ, ತಾನಾಗಿಯೇ, ತೋರುಬೆರಳು, ಕೋಣೆ ಗಪ್ಪಾಗಿದೆ, ಶಾಲುಗಳೂ ಅಲುಗುತ್ತಿಲ್ಲ, ವಿಹಾರದ ಕಂಬದ ತಂಪು ಬೆನ್ನಿಗೆ — ಒತ್ತಂಗಿಲ್ಲ ಸರ್ — ಎತ್ತಿದ ಒಂದು ಬೆರಳು.