ಪಚ್ಚೆಗೆ ಬಿಸಿನೀರು

“ಕಳ್ಳತನ ಮಾಡಿದ್ದೂ ಅಲ್ಲದೆ ಎದುರಿಗೆ ನಿಂತು ವಾದ ಬೇರೆ ಮಾಡ್ತೀಯಾ?”

“ನಾಲಿಗೆ ಬಿಗಿ ಹಿಡಿದು ಮಾತಾಡು. ನಾದಿನಿ ಅಂತ ಇಷ್ಟು ಹೊತ್ತು ತಡ್ಕೊಂಡಿದೀನಿ.”

“ತಡ್ಕೊಂಡಿದಾಳಂತೆ, ಮಹಾತಾಯಿ! ಇಲ್ನೋಡು, ಕಣ್ಣು ಬಿಟ್ಟು ನೋಡು. ನಮ್ಮಪ್ಪ ತಂದ ಪಚ್ಚೆ ಹೀಗಿತ್ತಾ? ಒಡೆದ ಸೋಡಾ ಬಾಟ್ಲಿ ಚೂರಿದ್ದ ಹಾಗಿದೆ!”

ಮಗಳು ಪದಕವನ್ನು ಸರದ ಸಮೇತ ಮಂಚದ ಮೇಲೆ ಎಸೆದಳು. ಅದು ತಾಯಿಯ ಮೊಣಕಾಲಿನ ಹತ್ತಿರ ಹೋಗಿ ಬಿತ್ತು. ತಾಯಿ, ಅಂದರೆ ಬೀದಿಯವರೆಲ್ಲ ಬೀಗದಮ್ಮ ಎಂದು ಕರೆಯುವ ಹೆಂಗಸು, ಮುರಿದ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಅಲ್ಲೇ ಕುಳಿತಿದ್ದಳು. ಬಗ್ಗಿ ನೋಡಿದಳು. ಕಲ್ಲಿನ ತುಂಬ ಬಿಳಿ ಬಿಳಿ ಗೀರು, ಒಣಗಿದ ಕೆರೆಯ ತಳದ ಹಾಗೆ. ಬಣ್ಣ ಸತ್ತುಹೋಗಿತ್ತು.

ಅವಳಿಗೆ ನೋಡಿದ ಕೂಡಲೇ ಎಲ್ಲ ಗೊತ್ತಾಯಿತು. ಕಲ್ಲು ಅದೇ. ಯಾರೂ ಬದಲಾಯಿಸಿಲ್ಲ. ಸೊಸೆ ಅದನ್ನು ಬಿಸಿನೀರಿನಲ್ಲಿ ತೊಳೆದಿದ್ದಾಳೆ, ಅಷ್ಟೆ.

“ನಾನು ತೊಳೆದಿದ್ದು ನಿಜ,” ಎಂದಳು ಸೊಸೆ. ಮನೆಯ ಕೆಳಗಿನ ತಮ್ಮದೇ ಲಾಂಡ್ರಿಯಿಂದ ಹಾಗೇ ಎದ್ದು ಬಂದಿದ್ದಳು. ರವಿಕೆಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. “ಅತ್ತೆ ಒರೆಸಿಡು ಅಂದ್ರು. ಪದಕದ ಹಿಂದುಗಡೆ ಜಿಡ್ಡು ಕಟ್ಟಿತ್ತು. ಬಿಸಿನೀರಿಗೆ ಸೋಪು ಹಾಕಿ, ಹಳೇ ಬ್ರಶ್ಶಲ್ಲಿ ಉಜ್ಜಿದೆ. ನೀರಿಂದ ತೆಗೆದು ನೋಡ್ತೀನಿ, ಹೀಗಾಗಿತ್ತು. ಹೇಳೋಕೆ ಭಯ ಆಯ್ತು, ಹೇಳ್ಲಿಲ್ಲ. ಅದೊಂದೇ ನನ್ನ ತಪ್ಪು.”

“ತೊಳೆದ್ರೆ ಕಲ್ಲು ಒಡೆಯುತ್ತಾ? ನಾವೇನು ಕಿವಿಗೆ ಹೂ ಇಟ್ಕೊಂಡು ಬಂದಿದೀವಾ? ನಿನ್ನ ತಮ್ಮ ಕೂತಿರೋದು ಗಿಲೀಟು ಒಡವೆ ಅಂಗಡೀಲಿ. ಹಸಿರು ಗಾಜು ಅವನ ಹತ್ರ ಡಬ್ಬಿಗಟ್ಟಲೆ ಬಿದ್ದಿರುತ್ತೆ.”

“ನನ್ನ ತಮ್ಮನ ಹೆಸರು ಎತ್ತಬೇಡ!”

ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅಮ್ಮನನ್ನು ನೋಡುವುದು, ತಂಗಿಯನ್ನು ನೋಡುವುದು, ನೆಲ ನೋಡುವುದು. ಹೆಂಡತಿಯನ್ನು ಮಾತ್ರ ನೋಡುತ್ತಿರಲಿಲ್ಲ. ಆ ಗಂಡಸಿನ ಕಥೆಯೇ ಅಷ್ಟು. ಜಗಳ ಬಂದರೆ ಗೋಡೆಯಾಗುತ್ತಿದ್ದ.

ಬೀಗದಮ್ಮನಿಗೆ ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಕಪಾಟಿನ ಬೀಗದಕೈ ಗೊಂಚಲನ್ನು ಸ್ನಾನಕ್ಕೆ ಹೋದಾಗಲೂ ಬಿಟ್ಟಿರುತ್ತಿರಲಿಲ್ಲ. ಒಡವೆಯ ವಿಷಯದಲ್ಲಿ ಅವಳು ಮೈಯೆಲ್ಲ ಕಣ್ಣು. ಹಾಕಿಕೊಂಡು ಬಂದ ಒಡವೆಯನ್ನು ಬೆವರು ಒರೆಸದೆ ಡಬ್ಬಿಗೆ ಇಟ್ಟರೆ ಸಿಡಿಮಿಡಿ. ಒಂದೊಂದು ಸರಕ್ಕೂ ಬೇರೆ ಬೇರೆ ಚೀಲ, ಒಂದಕ್ಕೊಂದು ತಾಗಿ ಗೀರಬಾರದು. ಮುತ್ತನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು, ಅದಕ್ಕೂ ಗಾಳಿ ಬೇಕು. ಬೆಳ್ಳಿಯ ಹತ್ತಿರ ರಬ್ಬರ್ ಬ್ಯಾಂಡ್ ಸುಳಿಯಬಾರದು, ಕಪ್ಪಾಗುತ್ತದೆ. ಅತ್ತರು, ಪೌಡರು ಎಲ್ಲ ಮೊದಲು, ಒಡವೆ ಕೊನೆಗೆ. ಇದನ್ನೆಲ್ಲ ಸೊಸೆಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ಮಗಳಿಗೆ ಇಂಥದ್ದರಲ್ಲಿ ಗಮನವಿರಲಿಲ್ಲ. ಸೊಸೆ ಕೇಳಿದ್ದು ಬಿಡುತ್ತಿರಲಿಲ್ಲ. ಅತ್ತೆ ಸೊಸೆ ಮಂಚದ ಮೇಲೆ ಒಡವೆ ಹರಡಿಕೊಂಡು, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ, ಅಕ್ಕಪಕ್ಕದವರ ಮೇಲೆ ಚಾಡಿ ಹೇಳಿಕೊಂಡು ನಗುತ್ತಿದ್ದ ಮಧ್ಯಾಹ್ನಗಳು ಎಷ್ಟೋ ಇದ್ದವು.

ಪಚ್ಚೆಯ ವಿಷಯ ಒಂದು ಬಿಟ್ಟು ಎಲ್ಲ ಹೇಳಿದ್ದಳು.

ಪದಕ ಕೊಂಡ ದಿನ ಗಂಡ ಹಣ ಎಣಿಸುತ್ತಿದ್ದಾಗ ಅಂಗಡಿಯವನು ಅವಳಿಗೂ ಹೇಳಿದ್ದ: “ತಾಯಿ, ಕಲ್ಲಿನ ಒಳಗೆಲ್ಲ ಬಿರುಕಿದೆ. ಎಣ್ಣೆ ತುಂಬಿಸಿದೀವಿ, ಅದಕ್ಕೇ ಕಾಣಲ್ಲ. ಈ ಬೆಲೆಗೆ ಸಿಕ್ಕಿದ್ದೂ ಅದಕ್ಕೇ. ಸೋಪು, ಬಿಸಿನೀರು ತೋರಿಸಬೇಡಿ. ಬಣ್ಣ ಇಳಿದ ಹಾಗೆ ಕಂಡ್ರೆ ಎಣ್ಣೆ ಸವರಿ ಇಟ್ಟುಬಿಡಿ.” ಗಂಡ ಮನೆ ತಲುಪುವಷ್ಟರಲ್ಲಿ ಆ ಮಾತನ್ನು ನುಂಗಿ ನೀರು ಕುಡಿದಿದ್ದ. ಒಂದು ಕೂದಲೆಳೆಯಷ್ಟೂ ದೋಷವಿಲ್ಲದ ಪಚ್ಚೆ ಎಂದು ಬೀದಿಗೆಲ್ಲ ಸಾರಿದ. ಸಾಯುವವರೆಗೂ ಸಾರಿದ. ಅವನು ಸತ್ತ ಮೇಲೆ ಅದೇ ಮಾತನ್ನು ಇವಳು ಹೇಳಿಕೊಂಡು ಬಂದಳು. ಮಗಳ ಸಂಬಂಧ ಕುದುರಿದಾಗ ಬೀಗರೆದುರು ಡಬ್ಬಿ ತೆರೆದು ತೋರಿಸಿ, ಮುಂದೆ ಇದು ನನ್ನ ಮಗಳಿಗೇ ಎಂದಳು. ಮಗಳು ಆ ದೊಡ್ಡ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದುದು ಇಂಥ ನಾಲ್ಕು ಮಾತಿನ ಬಲದ ಮೇಲೆ. ಬೀಗದಮ್ಮ ಮಾತ್ರ ಆಗಾಗ ಕೋಣೆಯ ಬಾಗಿಲು ಹಾಕಿಕೊಂಡು, ಕಲ್ಲಿಗೆ ಎಣ್ಣೆ ಸವರಿ, ಅದು ಮತ್ತೆ ಹಸಿರಾಗುವುದನ್ನು ನೋಡುತ್ತ ಕೂರುತ್ತಿದ್ದಳು. ಸೊಸೆಗೆ ಜಿಡ್ಡಾಗಿ ಕಂಡದ್ದು ಅದೇ ಎಣ್ಣೆ.

ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡ ಮೇಲೆ ಮೊದಲ ಸಲ ಬೀಗದಕೈ ಇನ್ನೊಬ್ಬರ ಕೈ ಸೇರಿತು. ಮಗಳು ಪದಕ ಒಯ್ಯಲು ಬರುತ್ತಾಳೆ, ಎಲ್ಲವನ್ನೂ ಒರೆಸಿಡು ಎಂದು ಸೊಸೆಗೆ ಹೇಳಿದಳು. ಪಚ್ಚೆಗೆ ನೀರು ಸೋಕಿಸಬೇಡ ಎಂದು ಒಂದು ಮಾತು ಸೇರಿಸಿದ್ದರೆ ಆಗುತ್ತಿತ್ತು. ಸೇರಿಸಿದರೆ ಯಾಕೆ ಅಂತ ಕೇಳುತ್ತಾಳೆ. ಅದಕ್ಕೇ ಸೇರಿಸಲಿಲ್ಲ. ಹಗಲೆಲ್ಲ ಬಿಸಿನೀರು, ಸೋಪು, ಕಲೆ ಎಂದು ದುಡಿಯುವ ಹೆಂಗಸು ಜಿಡ್ಡು ಕಂಡು ಸುಮ್ಮನಿರುತ್ತಾಳೆಯೇ? ಗಿರಾಕಿಗಳ ಬೆಲೆಬಾಳುವ ಕೋಟುಗಳ ಗುಂಡಿ ತೊಳೆದಷ್ಟೇ ಮುತುವರ್ಜಿಯಿಂದ ತೊಳೆದಳು.

“ವಾದ ಯಾಕೆ?” ಎಂದಳು ಸೊಸೆ. “ನಡೀರಿ, ಈಗ್ಲೇ ಒಡವೆ ಅಂಗಡಿಗೆ ಹೋಗೋಣ. ಅವರು ಕಲ್ಲು ನೋಡಿ ಹೇಳ್ತಾರೆ. ಗಾಜು ಅಂದ್ರೆ ನನ್ನ ಕೈಗೆ ಕೋಳ ಹಾಕ್ಸಿ.”

“ನಡಿ, ನಂಗೇನು ಭಯ?” ಎಂದು ಮಗಳು ಕೈಚೀಲ ಎತ್ತಿಕೊಂಡಳು.

“ಬೇಡ!”

ಬೀಗದಮ್ಮನ ದನಿ ಅವಳಿಗೇ ಜೋರಾಗಿ ಕೇಳಿಸಿತು. ಮೂವರೂ ಅವಳತ್ತ ತಿರುಗಿದರು.

“ಬೇಡ,” ಎಂದು ತಗ್ಗಿಸಿದಳು. “ಮನೆ ಮಾನ ಬೀದಿಗೆ ತರೋದು ಬೇಡ. ಹೋಗಿದ್ದು ಹೋಯ್ತು. ನಾನು ಯಾರನ್ನೂ ಏನೂ ಕೇಳಲ್ಲ.”

ಕೇಳಿದವರಿಗೆ ಎಂಥ ದೊಡ್ಡ ಮನಸ್ಸು ಅನ್ನಿಸಬೇಕು. ಮಗಳಿಗೆ ಹಾಗೇ ಅನ್ನಿಸಿತು. “ನೋಡು, ಇಷ್ಟಾದ್ರೂ ನಿನ್ನ ಪರಾನೇ ನಿಂತಿದಾರೆ. ನಾಚಿಕೆ ಆಗಲ್ವಾ ನಿಂಗೆ?” ಎಂದಳು.

ಸೊಸೆಗೆ ಹಾಗೆ ಅನ್ನಿಸಲಿಲ್ಲ. ಹತ್ತಿರ ಬಂದು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು.

“ಅತ್ತೆ, ಒಂದು ಗುಂಡುಸೂಜಿ ಕಳೆದ್ರೂ ಮನೆಯೆಲ್ಲ ಜಾಲಾಡೋರು ನೀವು. ಇಷ್ಟು ದೊಡ್ಡ ಕಲ್ಲು ಹೋಗಿದೆ ಅಂತಿದಾರೆ, ನೀವು ಕೇಳಲ್ಲ ಅಂತೀರಿ. ಯಾಕೆ? ನನ್ನ ಮುಖ ನೋಡಿ ಹೇಳಿ. ನಾನು ಕದ್ದಿದೀನಾ?”

ಇಲ್ಲ ಎನ್ನಲು ಎರಡಕ್ಷರ ಸಾಕಿತ್ತು. ಇಲ್ಲ ಎಂದರೆ, ಹಾಗಾದರೆ ಕಲ್ಲಿಗೇನಾಯಿತು ಎಂದು ಮಗಳು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಸತ್ತ ಗಂಡ ಸುಳ್ಳುಗಾರ, ತಾನು ಅವನಿಗಿಂತ ದೊಡ್ಡ ಸುಳ್ಳುಗಾರ್ತಿ, ಬೀಗರ ಮನೆಯಲ್ಲಿ ಮಗಳ ಮುಖಕ್ಕೆ ಮಸಿ.

“ನಾನು ಕೊನೇ ಸಲ ಇಟ್ಟಾಗ ಕಲ್ಲು ಚೆನ್ನಾಗಿತ್ತು,” ಎಂದಳು ಬೀಗದಮ್ಮ.

ಮಾತೇನೋ ಸುಳ್ಳಲ್ಲ. ಅದಕ್ಕಿಂತ ಹೊಲಸಾದ ಮಾತು ಅವಳ ಬಾಯಿಂದ ಯಾವತ್ತೂ ಬಂದಿರಲಿಲ್ಲ.

ಆಗ ಗೋಡೆಗೆ ಬಾಯಿ ಬಂತು. ಮಗ ಹೆಂಡತಿಯ ಹತ್ತಿರ ಬಂದು, ಉಪಕಾರ ಮಾಡುವವನ ಹಾಗೆ ಪಿಸುಗುಟ್ಟಿದ. “ಎಲ್ಲಾದ್ರೂ ಇಟ್ಟಿದ್ರೆ ಕೊಟ್ಟುಬಿಡೇ. ನಾವು ಯಾರಿಗೂ ಹೇಳಲ್ಲ.”

ಸೊಸೆ ಎದ್ದು ನಿಂತಳು. ಅಳಲಿಲ್ಲ. ಗಂಡನನ್ನು, ಯಾರೋ ಅಂಗಡಿಯಲ್ಲಿ ಮರೆತು ಹೋದ ಬಟ್ಟೆ ಗಂಟನ್ನು ನೋಡುವ ಹಾಗೆ ನೋಡಿದಳು.

“ನೀವೂನಾ?” ಎಂದಳು.

ಬೀಗದಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮಂಚದ ಮೇಲಿಟ್ಟು, ಮೆಟ್ಟಿಲಿಳಿದು ಹೋದಳು. ಕೆಳಗೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದ ಸದ್ದು ಕೇಳಿತು. ಕಾಯುತ್ತಿದ್ದ ಗಿರಾಕಿಗೆ, “ನಿಮ್ಮ ಅಂಗಿ ಆಗಿದೆ, ಪ್ಯಾಂಟು ಅವರನ್ನ ಕೇಳಿ,” ಎಂದದ್ದೂ ಕೇಳಿತು.

ಬೀಗದಮ್ಮ ಕಿಟಕಿಗೆ ಹೋದಳು. ಸೊಸೆ ರಸ್ತೆ ದಾಟುತ್ತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ.

“ಏ ಹುಡುಗಿ!”

ಸೊಸೆ ನಿಂತಳು. ತಿರುಗಿ, ತಲೆಯೆತ್ತಿ ನೋಡಿದಳು. ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಅವಳನ್ನು ಬಳಸಿ ಹೋಯಿತು, ಅವಳು ಕದಲಲಿಲ್ಲ. ಕಾಯುತ್ತಿದ್ದಳು. ಈಗ ಹೇಳಿದರೂ ಆಗುತ್ತಿತ್ತು. ಬೀಗದಮ್ಮನ ಬೆನ್ನ ಹಿಂದೆ ಮಗಳು ಮೂಗೊರೆಸಿಕೊಳ್ಳುತ್ತಿದ್ದಳು.

“ಊಟ ಮಾಡ್ಕೊಂಡು ಹೋಗೇ,” ಎಂದಳು ಬೀಗದಮ್ಮ.

ಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನಡೆದಳು.

“ಸಂಜೆಗೆ ಬರ್ತಾಳೆ ಬಿಡಮ್ಮ, ಎಲ್ಲಿಗೆ ಹೋಗ್ತಾಳೆ?” ಎಂದ ಮಗ.

ಸಂಜೆ ಬರಲಿಲ್ಲ. ಆಮೇಲೂ ಬರಲಿಲ್ಲ.