ಹನ್ನೊಂದೂವರೆಯೊಳಗೆ ಬಿಚ್ಚಬೇಕಾದ ಕ್ಯಾಲಿಪರ್

ಸುಂಟಿಕೊಪ್ಪದಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನಕ್ಕೆ ಕ್ಲಚ್ ಬಿಡುವುದನ್ನು ಕಲಿಸಿದವಳು ನಾನು, ಉಷಾರಾಣಿ. ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದೇನೆ. ಕಲಿಸುವವರ ಸೀಟು ಎಡಗಡೆ. ಅಲ್ಲಿ ಕಾಲಿಗೆ ಕ್ಲಚ್ಚು, ಬ್ರೇಕು ಸಿಗುತ್ತವೆ, ಆಕ್ಸಿಲರೇಟರ್ ಇರುವುದಿಲ್ಲ. ಅಂದರೆ ಇಷ್ಟು ವರ್ಷವೂ ನಾನು ಬೇರೆಯವರ ಓಟ ನಿಲ್ಲಿಸುತ್ತಲೇ ಕೂತಿದ್ದೆ. ಐವತ್ತಮೂರನೇ ವಯಸ್ಸಿನಲ್ಲಿ, ಒಂದೇ ಒಂದು ಸಲ ಆಕ್ಸಿಲರೇಟರನ್ನು ತಳ ಮುಟ್ಟುವ ತನಕ ತುಳಿಯಬೇಕು ಅಂತ ಆಸೆ ಹುಟ್ಟಿತು. ಅದಕ್ಕೇ ಡಿಸೆಂಬರಿನ ಆಟೋಕ್ರಾಸಿಗೆ, ಮಹಿಳೆಯರ ವಿಭಾಗದಲ್ಲಿ, ಹೆಸರು ಕೊಟ್ಟೆ.

ಕೊಯ್ಲು ಮುಗಿದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು, ತಿರುವುಗಳಲ್ಲಿ ಕಂಬ ನೆಟ್ಟಿರುತ್ತಾರೆ. ಒಬ್ಬೊಬ್ಬರೇ ಗಾಡಿ ಓಡಿಸಬೇಕು, ಬೇಗ ಮುಗಿಸಿದವರು ಗೆದ್ದ ಹಾಗೆ. ಹೋದ ವರ್ಷ ಗೆದ್ದವಳು ಸುಮಿತಾ. ಅವಳಿಗೂ ಡ್ರೈವಿಂಗ್ ಕಲಿಸಿದ್ದು ನಾನೇ. ನನ್ನ ಹೆಸರು ಪಟ್ಟಿಯಲ್ಲಿ ನೋಡಿ, "ಅಯ್ಯೋ ಮೇಡಂ, ನಿಮಗೆ ಬ್ರೇಕ್ ಬಿಟ್ರೆ ಬೇರೆ ಎಂತ ಗೊತ್ತು?" ಅಂತ ಪೇಟೆಯಲ್ಲಿ ಎಲ್ಲರೆದುರು ನಕ್ಕಳು. ತಮಾಷೆಗೇ ಅಂದದ್ದು. ಆದರೂ ನನಗೆ ಮೈಯೆಲ್ಲ ಉರಿಯಿತು.

ಆ ಭಾನುವಾರ ಹತ್ತೂವರೆಗೆ ಗದ್ದೆ ತಲುಪಿದೆ. ನನ್ನದು ಹದಿನೆಂಟು ವರ್ಷದ ಹಳೇ ಕಾರು, ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇರುವಂಥದ್ದು. ಮನೆ ಮುಂದಿನ ಇಳಿಜಾರಿನಲ್ಲಿ ಎರಡು ವಾರ ನಿಂತೇ ಇತ್ತು. ದಾರಿಯುದ್ದಕ್ಕೂ ಯಾರೋ ಹಿಂದಿನಿಂದ ಹಿಡಿದು ಎಳೆಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಗದ್ದೆಗೆ ಇಳಿಸಿ ನಿಲ್ಲಿಸಿದರೆ, ಎಡಗಡೆಯ ಹಿಂದಿನ ಚಕ್ರದಿಂದ ಸುಟ್ಟ ವಾಸನೆ, ತೆಳ್ಳಗೆ ಹೊಗೆ. ಮತ್ತೆ ಮುಂದೆ ಬಿಡಲು ನೋಡಿದೆ, ಆ ಚಕ್ರ ತಿರುಗಲೇ ಇಲ್ಲ.

ನಂದೀಶ ಜೊತೆಗಿದ್ದದ್ದು ನನ್ನ ಪುಣ್ಯ. ಕುಶಾಲನಗರದ ಕಡೆಯ ಗ್ಯಾರೇಜಿನವನು, ನಲವತ್ತು ದಾಟಿದೆ. ನನ್ನ ಹತ್ತಿರ ಕಲಿತು, ಟೆಸ್ಟಿನಲ್ಲಿ ಎಂಟು ಹಾಕಲಾರದೆ ಎರಡು ಸಲ ಫೇಲಾದವನು. ಬಗ್ಗಿ ನೋಡಿ ಅಂದ:

"ಕ್ಯಾಲಿಪರ್ ಕಚ್ಕೊಂಡದೆ ಮೇಡಂ. ಬಿಚ್ಚಲೇಬೇಕು."

ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುವುದೇ ಕ್ಯಾಲಿಪರ್. ಅದು ಹಿಡಿದದ್ದನ್ನು ಬಿಡದಿದ್ದರೆ ಗಾಡಿ ಕಲ್ಲುಬಂಡೆಯೇ. ಅಷ್ಟರಲ್ಲಿ ಗಾಡಿ ಪರೀಕ್ಷೆ ಮಾಡುವ ಭವಿತ್ ಪಟ್ಟಿ ಸಿಕ್ಕಿಸಿದ ಹಲಗೆ ಹಿಡಿದುಕೊಂಡು ಬಂದ.

"ಹನ್ನೊಂದೂವರೆಗೆ ಪರೀಕ್ಷೆ ಬಂದ್ ಆಂಟಿ. ಆಮೇಲೆ ಯಾರು ಹೇಳಿದ್ರೂ ಬಿಡ್ಲಿಕ್ಕೆ ಆಗೂದಿಲ್ಲ."

"ಆಂಟಿ ಅಂತೆ! ನಿನ್ನ ಗಡಿಯಾರ ಸರಿ ಉಂಟಾ ನೋಡ್ಕೊ ಮೊದ್ಲು," ಅಂದೆ.

ನಂದೀಶ ಕ್ರಮದ ಮನುಷ್ಯ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟ, ಒಳಗೆ ಕೈಹಾಕಿ ಹ್ಯಾಂಡ್‌ಬ್ರೇಕ್ ಇಳಿಸಿದ, ಜಾಕ್ ಏರಿಸಿ ಚಕ್ರ ಕಳಚಿದ. ಕ್ಯಾಲಿಪರ್ ಹಿಂದೆ ಎರಡು ಬೋಲ್ಟು. ಕೆಳಗಿನದು ಒಳ್ಳೆ ಮಾತಿನಲ್ಲಿ ಬಂತು. ಮೇಲಿನದಕ್ಕೆ ತುಕ್ಕು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿ ಕಾದ. ನನಗೆ ಕಾಯುವುದೆಂದರೆ ಆಗದು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಕಟಕ್ ಅಂತ ಸದ್ದಾಯಿತು. ಬೋಲ್ಟೇ ಮುರಿಯಿತು ಅಂದುಕೊಂಡೆ. ಮುರಿದಿರಲಿಲ್ಲ, ತಿರುಗಿತ್ತು! ನಾನು ಕೂಗಿದ ಕೂಗಿಗೆ ಪಕ್ಕದ ಜೀಪಿನವರು ಇಳಿದು ಬಂದು ನೋಡಿದರು.

ಎರಡು ಬೋಲ್ಟೂ ಕೈಗೆ ಬಂದವು, ಕ್ಯಾಲಿಪರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಂದೀಶ ಸ್ಕ್ರೂಡ್ರೈವರ್ ಸಂದಿಗೆ ಹಾಕಿ ಮೀಟಿದಾಗ ಕೂದಲೆಳೆಯಷ್ಟು ಅಲ್ಲಾಡಿತು.

"ಒಂದು ಬೋಲ್ಟ್ ಸಿಕ್ಕಿಸ್ತೀನಿ. ಒಳಗೆ ಕೂತು ಬ್ರೇಕ್ ಎರಡು ಸಲ ತುಳಿದು ಬಿಡಿ ಮೇಡಂ. ಒಳಗೆ ಡಿಸ್ಕ್ ಒತ್ತೋ ಪಿಸ್ಟನ್ ಸ್ವಲ್ಪ ಸಡಿಲ ಆಗ್ಲಿ."

ಹತ್ತಿ ಕೂತೆ, ತುಳಿದೆ, ಬಿಟ್ಟೆ, ಮತ್ತೆ ತುಳಿದೆ, ಬಿಟ್ಟೆ, ಇಳಿದು ಓಡಿ ಬಂದೆ. ನಂದೀಶ ಬೋಲ್ಟು ತೆಗೆದು ಮೀಟಿದ. ಈ ಸಲ ಆ ಕೂದಲೆಳೆಯೂ ಇಲ್ಲ! ಮೊದಲಿಗಿಂತ ಗಟ್ಟಿಯಾಗಿ ಕೂತುಬಿಟ್ಟಿದೆ.

ಹನ್ನೊಂದು ಐದು. ನಂದೀಶ ತಟ್ಟಿದ, ಮೀಟಿದ, ಗಾಡಿಯಡಿ ಮಲಗಿ ಒದ್ದೂ ನೋಡಿದ. ಹನ್ನೊಂದು ಹತ್ತು. ನಾನು ಬಾಯಿಗೆ ಬಂದ ಹಾಗೆ ಬೈದೆ. "ಎರಡು ಸಲ ಫೇಲಾದವನನ್ನು ನಂಬಿದ್ದು ನನ್ನದೇ ತಪ್ಪು" ಅಂತಲೂ ಅಂದೆ. ಅವನು ಬೆವರು ಒರೆಸಿಕೊಂಡ, ಅಷ್ಟೆ. ಆಚೆ ಸುಮಿತಾ ಹೆಲ್ಮೆಟ್ ಹಾಕಿಕೊಂಡು ಇಂಜಿನ್ ಬಿಸಿ ಮಾಡುತ್ತಿದ್ದಳು. ಆ ಸದ್ದು ಕೇಳಿ ನನಗೆ ಅಳುವೇ ಬಂತು.

ನಂದೀಶ ಗಾಡಿಯಡಿ ಮತ್ತೆ ತೂರಿದ. ಆಮೇಲೆ ಕ್ಯಾಲಿಪರಿಗೆ ಬರುವ ತಂತಿಯನ್ನು ಬೆರಳಿನಿಂದ ಮೀಟಿದ ಸದ್ದು ಕೇಳಿಸಿತು. ತಂತಿ ಬಿಗಿಯಾಗಿ ಟಣ್ ಅಂದಿತು.

"ಮೇಡಂ," ಅವನ ಧ್ವನಿ ಬಹಳ ಮೆತ್ತಗಿತ್ತು, "ಇಳಿಯೋವಾಗ ಹ್ಯಾಂಡ್‌ಬ್ರೇಕ್ ಎಳೆದ್ರಾ?"

ನಾನು ಬಾಗಿಲು ತೆಗೆದು ನೋಡಿದೆ. ಎಳೆದಿತ್ತು, ಕೊನೆಯ ಹಲ್ಲಿನ ತನಕ. ಈ ಊರಿನಲ್ಲಿ ಸಪಾಟು ಜಾಗ ಅಂತ ಇರುವುದು ಫುಟ್‌ಬಾಲ್ ಮೈದಾನ, ಗದ್ದೆ ಎರಡೇ. ಉಳಿದದ್ದೆಲ್ಲ ಏರು ಇಲ್ಲವೇ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆಯದೆ ಸೀಟು ಬಿಟ್ಟವರ ಮಂಡಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದವಳು ನಾನು. ಸಪಾಟು ಗದ್ದೆಯಲ್ಲಿ, ಜಾಕಿನ ಮೇಲೆ ನಿಂತ ಗಾಡಿಗೂ ನನ್ನ ಕೈ ನನ್ನನ್ನು ಕೇಳದೆಯೇ ಎಳೆದುಬಿಟ್ಟಿತ್ತು. ಆ ತಂತಿಯಿಂದ ಹಿಂದಿನ ಕ್ಯಾಲಿಪರನ್ನೇ ಹಿಡಿದು ನಿಲ್ಲಿಸುವುದು ಆ ಹ್ಯಾಂಡ್‌ಬ್ರೇಕ್. ಅವನು ಹೊರಗಿನಿಂದ ಬಿಡಿಸುತ್ತಿದ್ದರೆ ನಾನು ಒಳಗಿನಿಂದ ಕಟ್ಟಿಹಾಕಿದ್ದೆ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. "ತಪ್ಪಾಯ್ತು ನಂದೀಶ," ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವನು ಗಾಡಿಯಡಿಯಿಂದ ತಲೆಯೆತ್ತಿ ನೋಡಿದ.

"ಇಳಿಸಿ ಮೇಡಂ. ಆಮೇಲೆ ಕೈ ಕಟ್ಕೊಂಡು ದೂರ ನಿಂತ್ಕೊಳಿ."

ಹ್ಯಾಂಡ್‌ಬ್ರೇಕ್ ಇಳಿಸಿದೆ. ಎರಡು ಸಲ ಮೀಟಿದ, ಮರದ ತುಂಡಿಟ್ಟು ಒಂದೇ ಏಟು ಕೊಟ್ಟ, ಕ್ಯಾಲಿಪರ್ ಸರಕ್ಕನೆ ಜಾರಿ ಅವನ ಕೈಗೆ ಬಂತು! ಗದ್ದೆಯಲ್ಲಿ ಕುಣಿದೇ ಬಿಟ್ಟೆ. ಜೀಪಿನವರು ಚಪ್ಪಾಳೆ ತಟ್ಟಿದರು.

ಹನ್ನೊಂದು ಹದಿನಾರು. ಬ್ರೇಕ್ ಎಣ್ಣೆಯ ಹೋಸಿನ ಮೇಲೆ ಭಾರ ಬೀಳದ ಹಾಗೆ ಕ್ಯಾಲಿಪರನ್ನು ಒಂದು ತುಂಡು ತಂತಿಯಲ್ಲಿ ಮೇಲಕ್ಕೆ ಕಟ್ಟಿದ. ಅದು ಜಾರಬೇಕಾದ ಪಿನ್ನುಗಳು ತುಕ್ಕು ಹಿಡಿದಿದ್ದವು. ಅವನ್ನು ಉಜ್ಜಿ ಹೊಳೆಯಿಸಿ ಗ್ರೀಸು ಹಚ್ಚುವ ಕೆಲಸ ನನಗೆ ಸಿಕ್ಕಿತು. ಹಿಂದಿನ ಚಕ್ರದ ಪಿಸ್ಟನ್ ಬರೀ ಒತ್ತಿದರೆ ಒಳಗೆ ಹೋಗದು, ಸ್ಕ್ರೂವಿನ ಹಾಗೆ ತಿರುಗಿಸುತ್ತಲೇ ಒತ್ತಬೇಕು. ನಂದೀಶ ಹಲ್ಲು ಕಚ್ಚಿ ತಿರುಗಿಸಿದ. ಜೋಡಿಸಿ, ಬೋಲ್ಟು ಬಿಗಿದು, ಪೆಡಲ್ ಗಟ್ಟಿಯಾಗುವ ತನಕ ತಾನೇ ತುಳಿದ. ನನ್ನನ್ನು ಒಳಗೆ ಬಿಡಲೇ ಇಲ್ಲ. ಚಕ್ರ ಹಾಕಿ ಕೈಯಲ್ಲಿ ತಿರುಗಿಸಿದರೆ ಸರಾಗವಾಗಿ ಸುತ್ತಿತು.

ಭವಿತ್ ಬಂದು ತಿರುಗಿಸಿ ನೋಡಿದ, ಬ್ರೇಕ್ ಹಿಡಿಸಿ ನೋಡಿದ, ಗಡಿಯಾರ ನೋಡಿದ. ಹನ್ನೊಂದು ಇಪ್ಪತ್ತೆಂಟು.

"ಆಯ್ತು, ಹೋಗಿ ಮೇಡಂ."

ಬಾವುಟ ಇಳಿದದ್ದೇ ತುಳಿದೆ. ಪೆಡಲ್ ತಳ ಮುಟ್ಟಿತು! ಇಂಜಿನ್ ಅರಚಿತು, ಕತ್ತರಿಸಿದ ಭತ್ತದ ಕೂಳೆ ಗಾಜಿಗೆ ಬಡಿಯಿತು, ಮೊದಲ ತಿರುವಿನಲ್ಲಿ ಗಾಡಿಯ ಹಿಂಭಾಗ ಅಡ್ಡಡ್ಡ ಜಾರಿತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಖುಷಿ ತಡೆಯಲಾರದೆ ಕಿರುಚಿದೆ. ಎರಡನೇ ಸುತ್ತಿನಲ್ಲಿ ಒಂದು ಕಂಬ ಉರುಳಿಸಿದೆ, ಹಿಂತಿರುಗಿ ನೋಡಲೂ ಇಲ್ಲ.

ಒಂಬತ್ತು ಜನರಲ್ಲಿ ಎಂಟನೆಯವಳಾದೆ ಅಂತ ಮೈಕಿನಲ್ಲಿ ಹೇಳಿದರು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಬಾಗಿಲು ತೆರೆದವಳು ಸುಮಿತಾ. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಇಷ್ಟು ವರ್ಷ ನಿಮಗೆಲ್ಲ ಇದೊಂದನ್ನ ಕಲಿಸ್ಲೇ ಇಲ್ವಲ್ಲೇ ನಾನು!"

"ಬೇಜಾರು ಮಾಡ್ಬೇಡಿ ಮೇಡಂ," ಅಂದಳು ಸುಮಿತಾ. "ನೀವು ಗಾಡಿಯಿಂದ ಇಳಿದ ಮೇಲೆ ನಾವೇ ಕಲ್ತ್ಕೊಂಡ್ವಿ."